ಬಕೆಟ್ ನಾರುತ್ತಿದೆ, ಹುಳು ಬಂದಿದೆ: ಗೊಬ್ಬರ ಮಾಡೋದು ಬಿಟ್ಟುಬಿಡಲಾ?

ಪ್ರಶ್ನೆ: ಅಡುಗೆಮನೆ ಕಸದಿಂದ ಗೊಬ್ಬರ ಮಾಡೋಣ ಅಂತ ಮುಚ್ಚಳವಿರುವ ಒಂದು ಪ್ಲಾಸ್ಟಿಕ್ ಬಕೆಟ್‌ಗೆ ಮೂರು ವಾರದಿಂದ ತರಕಾರಿ, ಹಣ್ಣಿನ ಸಿಪ್ಪೆ ಹಾಕುತ್ತಿದ್ದೇನೆ. ಈಗ ಮುಚ್ಚಳ ತೆಗೆದರೆ ಕೊಳೆತ ಮೊಟ್ಟೆಯ ವಾಸನೆ. ತಳದಲ್ಲಿ ಕಪ್ಪು ನೀರು ನಿಂತಿದೆ. ನಿನ್ನೆ ಬಿಳಿ ಹುಳುಗಳೂ ಕಂಡವು. ಮನೆಯವರು ಎಸೆದುಬಿಡು ಅನ್ನುತ್ತಿದ್ದಾರೆ. ತಪ್ಪಾಗಿದ್ದೆಲ್ಲಿ?

ಉತ್ತರ: ಎಸೆಯಬೇಡಿ, ಇದು ಸರಿಹೋಗುತ್ತದೆ. ಬಕೆಟ್‌ಗೆ ಏನೇನು ಹಾಕಿದಿರಿ ಅಂತ ಬರೆದಿದ್ದೀರಲ್ಲ, ಅದರಲ್ಲಿ ಒಣ ಪದಾರ್ಥ ಒಂದೂ ಇಲ್ಲ. ತೊಂದರೆ ಇರೋದು ಅಲ್ಲೇ.

ಸಿಪ್ಪೆಯಲ್ಲಿ ಮುಕ್ಕಾಲಿಗಿಂತ ಜಾಸ್ತಿ ನೀರೇ. ಅದು ಕರಗುತ್ತಾ ಕುಸಿದು, ಅಂಟಂಟಾಗಿ ಒತ್ತಿಕೊಳ್ಳುತ್ತದೆ. ಒಳಗೆ ಗಾಳಿ ಆಡುವುದಿಲ್ಲ. ಗಾಳಿ ಬೇಕಾದ ಸೂಕ್ಷ್ಮಜೀವಿಗಳು ಸತ್ತು, ಗಾಳಿ ಬೇಡದವು ಸೇರಿಕೊಳ್ಳುತ್ತವೆ. ಕೊಳೆತ ಮೊಟ್ಟೆಯ ವಾಸನೆ ಅವುಗಳದ್ದೇ ಕೆಲಸ. ಗೊಬ್ಬರವಾಗಲು ಇಂಗಾಲ (ಒಣ ಎಲೆಯಲ್ಲಿ ಜಾಸ್ತಿ) ಸಾರಜನಕದ (ಹಸಿ ಕಸದಲ್ಲಿ ಜಾಸ್ತಿ) 25ರಿಂದ 30 ಪಟ್ಟು ಇರಬೇಕು ಅನ್ನುವುದು ಪುಸ್ತಕದ ಲೆಕ್ಕ. ಮನೆಯಲ್ಲಿ ಅಷ್ಟೆಲ್ಲ ಯಾರು ಅಳೆಯುತ್ತಾರೆ? ಒಂದು ಬಟ್ಟಲು ಹಸಿ ಕಸಕ್ಕೆ ಒಂದೂವರೆಯಿಂದ ಎರಡು ಬಟ್ಟಲು ಒಣ ಎಲೆ, ಇಷ್ಟು ಸಾಕು.

ಈಗ ಮಾಡಬೇಕಾದ್ದು ಇಷ್ಟು. ಕಪ್ಪು ನೀರನ್ನು ಚೆಲ್ಲಿ. ಅದು ನಾರುತ್ತಿರುವಾಗ ಕುಂಡಕ್ಕಂತೂ ಹಾಕಬೇಡಿ. ಬಕೆಟ್‌ನ ತಳದಲ್ಲಿ, ಸುತ್ತಲೂ ಪೆನ್ಸಿಲ್ ತೂರುವಷ್ಟು ತೂತು ಮಾಡಿ, ಕೆಳಗೊಂದು ತಟ್ಟೆ ಇಡಿ. ತಳಕ್ಕೆ ನಾಲ್ಕು ಬೆರಳು ದಪ್ಪ ಒಣ ಎಲೆ ಹರಡಿ. ಉಳಿದ ಕಸಕ್ಕೆ ಹರಿದ ರಟ್ಟು, ಪುಡಿ ಮಾಡಿದ ಎಲೆ ಧಾರಾಳವಾಗಿ ಕಲಸಿ ವಾಪಸ್ ತುಂಬಿ. ಆಮೇಲೆ ಒಂದು ಹಿಡಿ ತೆಗೆದು ಗಟ್ಟಿಯಾಗಿ ಹಿಂಡಿ ನೋಡಿ. ಬೆರಳ ಸಂದಿಯಲ್ಲಿ ಒಂದೆರಡು ಹನಿ ಮಾತ್ರ ಕಂಡರೆ ಹದ ಸರಿ. ನೀರು ಧಾರೆಯಾಗಿ ಇಳಿದರೆ ಇನ್ನಷ್ಟು ಎಲೆ. ಕೈ ಬಿಟ್ಟ ತಕ್ಷಣ ಪುಡಿಪುಡಿಯಾಗಿ ಉದುರಿದರೆ ನೀರು ಚಿಮುಕಿಸಿ. ಎರಡು ಮೂರು ದಿನಕ್ಕೊಮ್ಮೆ ಕೋಲಿನಿಂದ ತಳದವರೆಗೆ ಕೆದಕಿ. ಒಂದು ವಾರದೊಳಗೆ ವಾಸನೆ ಇಳಿಯುತ್ತದೆ.

ಹುಳುಗಳಿಗೆ ಹೆದರಬೇಡಿ. ಅವು ನೊಣದ ಮರಿಗಳು, ಗಿಡಕ್ಕೆ ತೊಂದರೆಯಿಲ್ಲ. ಗೊಬ್ಬರದ ಡಬ್ಬಿಗೆ ಬರುವ ಬ್ಲ್ಯಾಕ್ ಸೋಲ್ಜರ್ ಫ್ಲೈ ಎಂಬ ನೊಣದ ಮರಿಗಳಂತೂ ಕಸವನ್ನು ನಮಗಿಂತ ಬೇಗ ಮುಗಿಸುತ್ತವೆ. ನೋಡೋಕೆ ಅಸಹ್ಯ, ಒಪ್ಪುತ್ತೇನೆ. ಹೊಸ ಸಿಪ್ಪೆ ಹಾಕಿದಾಗಲೆಲ್ಲ ಅದು ಕಾಣದಂತೆ ಒಣ ಎಲೆ ಮುಚ್ಚಿದರೆ ನೊಣ ಮೊಟ್ಟೆ ಇಡಲು ಜಾಗ ಸಿಗುವುದಿಲ್ಲ. ಬಿಳಿ ಬೂಷ್ಟು ಕಂಡರೆ ಅದೂ ಒಳ್ಳೆಯದೇ.

ಮಾಂಸ, ಮೀನು, ಹಾಲಿನ ಪದಾರ್ಥ, ಎಣ್ಣೆಯಲ್ಲಿ ಮಾಡಿದ ಅಡುಗೆ ಸದ್ಯಕ್ಕೆ ಬೇಡ. ಸಾಕುಪ್ರಾಣಿಗಳ ಮಲ ಯಾವತ್ತೂ ಬೇಡ. ಹಣ್ಣಿನ ಮೇಲಿನ ಸ್ಟಿಕರ್ ಕಿತ್ತು ಹಾಕಿ, ಅದು ಕರಗುವುದಿಲ್ಲ.

ಪ್ರಶ್ನೆ: ಎರಡು ತಿಂಗಳಾಯಿತು. ಗೊಬ್ಬರ ಕಪ್ಪಾಗಿದೆ. ಆದರೆ ಗೊಬ್ಬರ ಆಗುವಾಗ ರಾಶಿ ಬಿಸಿಯಾಗುತ್ತದೆ ಅಂತಾರಲ್ಲ, ನನ್ನದು ಬಿಸಿ ಆಗಲೇ ಇಲ್ಲ. ಬಳಸಬಹುದಾ?

ಉತ್ತರ: ಬಿಸಿ ಏರಲು ರಾಶಿ ದೊಡ್ಡದಿರಬೇಕು, ಸುಮಾರು ಒಂದು ಘನ ಮೀಟರ್. ಬಕೆಟ್‌ನಲ್ಲಿ ಹುಟ್ಟುವ ಬಿಸಿ ಸುತ್ತಲಿಂದ ಸೋರಿಹೋಗುತ್ತದೆ. ಗೊಬ್ಬರ ಆಗೇ ಆಗುತ್ತದೆ, ನಿಧಾನಕ್ಕೆ.

ಬಣ್ಣ ನೋಡಿ ಮಾತ್ರ ಮೋಸ ಹೋಗಬೇಡಿ. ಅವಸರಪಟ್ಟು ಅರ್ಧಂಬರ್ಧ ಆದದ್ದನ್ನು ನಾನೊಮ್ಮೆ ಸಸಿಗಳ ಬುಡಕ್ಕೆ ಹಾಕಿದ್ದೆ. ಹತ್ತು ದಿನಕ್ಕೆ ಎಲೆಯೆಲ್ಲ ಹಳದಿ. ಪೂರ್ತಿ ಆಗದ ಗೊಬ್ಬರದಲ್ಲಿ ಸೂಕ್ಷ್ಮಜೀವಿಗಳ ಊಟ ಇನ್ನೂ ಮುಗಿದಿರುವುದಿಲ್ಲ. ಗಿಡಕ್ಕೆ ಬೇಕಾದ ಸಾರಜನಕವನ್ನೂ ಅವೇ ಕಬಳಿಸುತ್ತವೆ.

ಒಂದು ಹಿಡಿಯನ್ನು ಸ್ವಲ್ಪ ತೇವ ಮಾಡಿ, ಪ್ಲಾಸ್ಟಿಕ್ ಕವರ್‌ನಲ್ಲಿ ಗಟ್ಟಿಯಾಗಿ ಕಟ್ಟಿ ಮೂರ್ನಾಲ್ಕು ದಿನ ಇಡಿ. ಬಿಚ್ಚಿದಾಗ ಮಣ್ಣಿನ ವಾಸನೆ ಬಂದರೆ ಜರಡಿ ಹಿಡಿದು ಬಳಸಿ. ಹುಳಿ ವಾಸನೆ ಬಂದರೆ ಮತ್ತೆ ಬಕೆಟ್‌ಗೆ ಹಾಕಿ, ಇನ್ನೊಂದು ತಿಂಗಳು ಅಲ್ಲೇ ಇರಲಿ.