ಓದುಗರ ಪ್ರಶ್ನೆಗೆ ಉತ್ತರ: ಹಾಲ್‌ಸ್ಟಾಟ್‌ಗೆ ಬಾಡಿಗೆ ಕಾರಿನಲ್ಲಿ ಹೋಗುವವರಿಗೆ

ಪ್ರಶ್ನೆ: ಬರುವ ಮೇ ತಿಂಗಳಲ್ಲಿ ನಾವು ಆರು ಜನ ಆಸ್ಟ್ರಿಯಾಕ್ಕೆ ಹೊರಟಿದ್ದೇವೆ. ನಾವಿಬ್ಬರು, ಎಂಟು ಮತ್ತು ಐದು ವರ್ಷದ ಮಕ್ಕಳು, ಎಪ್ಪತ್ತು ದಾಟಿದ ಅಪ್ಪ ಅಮ್ಮ. ಸಾಲ್ಜ್‌ಬರ್ಗ್‌ನಿಂದ ಹಾಲ್‌ಸ್ಟಾಟ್ ಎಂಬ ಸರೋವರದ ದಡದ ಊರಿಗೆ ಖಾಸಗಿ ಕಾರು ಗೊತ್ತುಮಾಡಿದರೆ ಹೋಟೆಲಿನ ಬಾಗಿಲಿಗೇ ಬಿಡುತ್ತಾರೆ ಎಂದು ಏಜೆಂಟರು ಹೇಳುತ್ತಾರೆ. ರೈಲು ಅಗ್ಗವೆಂದೂ ಕೇಳಿದ್ದೇವೆ. ಅಮ್ಮನಿಗೆ ಮಂಡಿನೋವು ಇದೆ. ಯಾವುದು ಸರಿ?
– ತೀರ್ಥಹಳ್ಳಿ ತಾಲ್ಲೂಕಿನ ಓದುಗರು

ಉತ್ತರ: ಹೋಗುವಾಗ ನಿಮಗೆ ಕಾರೇ ಸರಿ. ಆದರೆ ‘ಹೋಟೆಲಿನ ಬಾಗಿಲಿಗೇ’ ಎಂಬ ಮಾತನ್ನು ನಂಬಿ ಮುಂಗಡ ಕೊಡಬೇಡಿ.

ಹಾಲ್‌ಸ್ಟಾಟ್ ಕಡಿದಾದ ಬೆಟ್ಟಕ್ಕೂ ನೀರಿಗೂ ನಡುವಿನ ಕಿರಿದಾದ ಪಟ್ಟಿಯಲ್ಲಿ ಅಂಟಿಕೊಂಡಂತೆ ಬೆಳೆದ ಊರು. 1890ರಲ್ಲಿ ದಡದ ರಸ್ತೆ ಆಗುವವರೆಗೆ ಅಲ್ಲಿಗೆ ದೋಣಿಯಲ್ಲಿ ಇಲ್ಲವೇ ಕಾಲುದಾರಿಯಲ್ಲಿ ಮಾತ್ರ ತಲುಪಬಹುದಾಗಿತ್ತು. ಮನೆಗಳ ನಡುವಿನ ಓಣಿಗಳ ಅಗಲ ಇಂದಿಗೂ ಆ ಕಾಲದ್ದೇ. ಈಗ ಮುಖ್ಯರಸ್ತೆ ಬೆಟ್ಟದೊಳಗಿನ ಸುರಂಗದಲ್ಲಿ ಊರನ್ನು ದಾಟಿಹೋಗುತ್ತದೆ. ಪ್ರವಾಸದ ತಿಂಗಳುಗಳಲ್ಲಿ ಹಗಲು ಹೊತ್ತು ಹೊರಗಿನ ವಾಹನಗಳನ್ನು ಊರೊಳಗೆ ಬಿಡುವುದಿಲ್ಲವಾದ್ದರಿಂದ, ಚಾಲಕರು ಎಷ್ಟೇ ಒಳ್ಳೆಯವರಾಗಿದ್ದರೂ ನಿಮ್ಮನ್ನು ಊರಿನ ಅಂಚಿನಲ್ಲಿಯೇ ಇಳಿಸಬೇಕಾಗುತ್ತದೆ. ಆದ್ದರಿಂದ ಮೊದಲು ಹೋಟೆಲಿನವರಿಗೆ ಪತ್ರ ಬರೆಯಿರಿ: ಕಾರು ಎಲ್ಲಿಯವರೆಗೆ ಬರಬಹುದು, ಅಲ್ಲಿಂದ ಬಾಗಿಲಿಗೆ ಎಷ್ಟು ನಡಿಗೆ, ಎಷ್ಟು ಮೆಟ್ಟಿಲು, ಪೆಟ್ಟಿಗೆ ಒಯ್ಯಲು ಹೋಟೆಲಿನ ವಾಹನ ಇದೆಯೇ, ಕೊಠಡಿ ಯಾವ ಮಹಡಿಯಲ್ಲಿದೆ, ಲಿಫ್ಟ್ ಉಂಟೇ. ಮಂಡಿನೋವಿನ ಹಿರಿಯರಿಗೆ ಕಾರಿನ ಆಯ್ಕೆಗಿಂತ ಈ ಉತ್ತರಗಳೇ ಹೆಚ್ಚು ಮುಖ್ಯ. ಎತ್ತರದ ಓಣಿಯಲ್ಲಿರುವ ಚೆಂದದ ಮನೆಗಿಂತ ದಡದ ರಸ್ತೆಯ ಸಾಧಾರಣ ಕೊಠಡಿ ನಿಮ್ಮ ಅಮ್ಮನಿಗೆ ಒಳ್ಳೆಯದು.

ಇನ್ನು ರೈಲಿನ ವಿಚಾರ. ಸಾಲ್ಜ್‌ಬರ್ಗ್‌ನಿಂದ ಅಟ್ನಾಂಗ್-ಪೂಖ್‌ಹೈಮ್ ನಿಲ್ದಾಣದಲ್ಲಿ ಗಾಡಿ ಬದಲಾಯಿಸಬೇಕು. ಒಟ್ಟು ಸುಮಾರು ಎರಡೂವರೆ ತಾಸು. ಹಾಲ್‌ಸ್ಟಾಟ್ ನಿಲ್ದಾಣವಿರುವುದು ಸರೋವರದ ಆಚೆ ದಡದಲ್ಲಿ. ಇಳಿದವರು ದೋಣಿ ಹತ್ತಿ ಈಚೆಗೆ ಬರಬೇಕು, ಸಿಗಂದೂರಿಗೆ ಹೋಗಲು ನಾವು ಹೊಳೆಬಾಗಿಲಿನಲ್ಲಿ ಲಾಂಚ್ ಹತ್ತುತ್ತಿದ್ದ ಹಾಗೆ. ದೋಣಿ ರೈಲಿನ ಸಮಯಕ್ಕೆ ಹೊಂದಿಕೊಂಡು ಓಡುತ್ತದೆ, ರಾತ್ರಿ ಇರುವುದಿಲ್ಲ. ನೀರಿನ ಮೇಲಿಂದ ಆ ಊರು ಮೆಲ್ಲಗೆ ಹತ್ತಿರ ಬರುವುದನ್ನು ನೋಡುವ ಸುಖ ಕಾರಿನಲ್ಲಿ ಬಂದವರಿಗೆ ಸಿಗುವುದಿಲ್ಲ. ಹಾಗಾಗಿ ದೊಡ್ಡ ಪೆಟ್ಟಿಗೆಗಳನ್ನು ಸಾಲ್ಜ್‌ಬರ್ಗ್‌ನ ಹೋಟೆಲಿನಲ್ಲಿಯೇ ಬಿಟ್ಟು ಬರುವುದಾದರೆ, ಹೋಗುವಾಗ ಕಾರು, ಮರಳುವಾಗ ದೋಣಿ ಮತ್ತು ರೈಲು ಎಂದು ಯೋಜಿಸಿ. ಇಲ್ಲವಾದರೆ ಎರಡು ಕಡೆಗೂ ಕಾರೇ ಇರಲಿ. ಆಗ ಮಕ್ಕಳಿಗಾಗಿ ಆಚೆ ದಡಕ್ಕೊಮ್ಮೆ ದೋಣಿಯಲ್ಲಿ ಹೋಗಿ ಬನ್ನಿ.

ಕಾರು ಗೊತ್ತುಮಾಡುವಾಗ ನಮ್ಮವರು ಎಡವುವುದು ಲೆಕ್ಕದಲ್ಲಿ. ನಮ್ಮಲ್ಲಿ ಒಂದು ವಾಹನದಲ್ಲಿ ಎಂಟು ಜನ ಒತ್ತಿ ಕೂತು, ಮಗುವನ್ನು ತೊಡೆಯ ಮೇಲಿಟ್ಟುಕೊಂಡು, ಚೀಲಗಳನ್ನು ಮೇಲಿನ ಕ್ಯಾರಿಯರ್‌ಗೆ ಕಟ್ಟಿ ಹೋಗುವುದುಂಟು. ಅಲ್ಲಿ ಮಗುವಿಗೂ ಒಂದು ಸೀಟು, ಒಂದು ಬೆಲ್ಟ್ ಇರಲೇಬೇಕು. ಹದಿನಾಲ್ಕು ವರ್ಷ ತುಂಬದ, 135 ಸೆಂಟಿಮೀಟರಿಗಿಂತ ಗಿಡ್ಡ ಇರುವ ಮಕ್ಕಳಿಗೆ ಕಾರಿನಲ್ಲಿ ಮಕ್ಕಳ ಸೀಟು ಕಡ್ಡಾಯ. ನೀವು ಆರು ಜನ, ಜೊತೆಗೆ ಪೆಟ್ಟಿಗೆಗಳು ಎಂದ ಮೇಲೆ ಎಂಟು ಸೀಟಿನ ವ್ಯಾನನ್ನೇ ಕೇಳಿ, ಮಕ್ಕಳ ವಯಸ್ಸು ಮತ್ತು ಎತ್ತರವನ್ನೂ ಪೆಟ್ಟಿಗೆಗಳ ಸಂಖ್ಯೆಯನ್ನೂ ಮೊದಲೇ ತಿಳಿಸಿ. ಹೇಳಿದ ಮೊತ್ತ ಇಡೀ ವಾಹನಕ್ಕೋ ತಲೆಗೋ, ಪಾರ್ಕಿಂಗ್ ಶುಲ್ಕ ಅದರಲ್ಲಿ ಸೇರಿದೆಯೋ, ಕಾಯುವುದಕ್ಕೆ ಎಷ್ಟು ಹೊತ್ತಿನ ನಂತರ ಹಣ, ರದ್ದುಮಾಡಿದರೆ ಎಷ್ಟು ಮರಳುತ್ತದೆ ಎಂಬುದೆಲ್ಲ ಬರಹದಲ್ಲಿರಲಿ. ಚಾಲಕರು ಮಾರ್ಗದರ್ಶಕರಲ್ಲ, ಊರು ತೋರಿಸುವವರು ಬೇಕಿದ್ದರೆ ಪ್ರತ್ಯೇಕವಾಗಿ ಕೇಳಬೇಕು.

ದೂರ ಹೆಚ್ಚಿಲ್ಲ, ಸುಮಾರು 75 ಕಿಲೋಮೀಟರು, ಒಂದೂಕಾಲು ತಾಸು. ಆದರೆ ದಾರಿ ಫುಶ್ಲ್ ಸರೋವರ, ವೋಲ್ಫ್‌ಗಾಂಗ್ ಸರೋವರದ ದಡದ ಸೇಂಟ್ ಗಿಲ್ಗೆನ್, ಬಾಡ್ ಇಶ್ಲ್ ಮೂಲಕ ಹೋಗುತ್ತದೆ. ಸೇಂಟ್ ಗಿಲ್ಗೆನ್‌ನಲ್ಲಿ ಅರ್ಧ ತಾಸು ನಿಲ್ಲಿಸುವುದನ್ನು ಬಾಡಿಗೆ ಮಾತಾಡುವಾಗಲೇ ಸೇರಿಸಿಕೊಳ್ಳಿ. ಬಸ್ಸಾಗಲಿ ರೈಲಾಗಲಿ ನಿಮಗಾಗಿ ನಿಲ್ಲುವುದಿಲ್ಲ, ಖಾಸಗಿ ಕಾರಿಗೆ ಕೊಡುವ ಹೆಚ್ಚಿನ ಹಣಕ್ಕೆ ನಿಜವಾದ ಬೆಲೆ ಸಿಗುವುದು ಇಂಥ ನಿಲುಗಡೆಯಲ್ಲಿ. ಮ್ಯೂನಿಕ್ ವಿಮಾನ ನಿಲ್ದಾಣದಿಂದ ನೇರವಾಗಿ ಬರುವವರು ಜರ್ಮನಿಯ ಗಡಿ ದಾಟುತ್ತಾರೆ. ಪಾಸ್‌ಪೋರ್ಟು ಪೆಟ್ಟಿಗೆಯಲ್ಲಿ ಅಲ್ಲ, ಕೈಚೀಲದಲ್ಲಿರಲಿ.

ಪ್ರಶ್ನೆ: ನಾನು ಆಗುಂಬೆ ಘಾಟಿಯಲ್ಲಿ ಇಪ್ಪತ್ತು ವರ್ಷ ಕಾರು ಓಡಿಸಿದ್ದೇನೆ. ಅಲ್ಲಿ ನಾನೇ ಓಡಿಸಬಾರದೇಕೆ?
– ಸಾಗರದ ಓದುಗರು

ಉತ್ತರ: ಓಡಿಸಬಹುದು. ನಮ್ಮ ಆರ್‌ಟಿಒ ಕೊಡುವ ಅಂತರರಾಷ್ಟ್ರೀಯ ಪರವಾನಗಿ ಒಂದು ವರ್ಷಕ್ಕೆ ಸಲ್ಲುತ್ತದೆ; ಊರಿನ ಮೂಲ ಲೈಸೆನ್ಸೂ ಜೊತೆಗಿರಲಿ. ಅಲ್ಲಿ ರಸ್ತೆಯ ಬಲಬದಿಯಲ್ಲಿ ಓಡಿಸಬೇಕು, ತಿರುವಿನಲ್ಲಿ ಹಾರ್ನ್ ಹಾಕುತ್ತಾ ಹೋಗುವ ರೂಢಿ ಇಲ್ಲ. ಮೋಟಾರುಹೆದ್ದಾರಿಗೆ ಹೋದರೆ ಸುಂಕಚೀಟಿ ಬೇಕು. ಮೇಲೆ ಹೇಳಿದ ಸೇಂಟ್ ಗಿಲ್ಗೆನ್ ದಾರಿ ಹೆದ್ದಾರಿಯಲ್ಲ. ಆದರೂ ಹಾಲ್‌ಸ್ಟಾಟ್ ಒಂದಕ್ಕಾಗಿ ಕಾರು ಪಡೆಯುವುದನ್ನು ನಾನು ಒಪ್ಪುವುದಿಲ್ಲ. ನಿಲ್ಲಿಸುವ ಜಾಗ ಹುಡುಕುವುದರಲ್ಲಿಯೇ ಬೆಳಗು ಕಳೆಯುತ್ತದೆ, ಸರೋವರವಿರುವ ಆ ರಸ್ತೆಯಲ್ಲಿ ಸ್ಟಿಯರಿಂಗ್ ಹಿಡಿದವರಿಗೆ ಸರೋವರ ಕಾಣುವುದಿಲ್ಲ.

ಪ್ರಶ್ನೆ: ನಾವು ನಿವೃತ್ತ ದಂಪತಿ, ಸಸ್ಯಾಹಾರಿಗಳು. ಒಂದು ದಿನ ಸಾಕೇ? ಏನು ನೋಡಬೇಕು, ಏನು ತಿನ್ನಬಹುದು?
– ಶಿವಮೊಗ್ಗದ ಓದುಗರು

ಉತ್ತರ: ಒಂದು ರಾತ್ರಿ ಉಳಿಯಿರಿ. ಎಂಟುನೂರು ಜನವೂ ಇಲ್ಲದ ಊರು ಅದು; ಹತ್ತು ಗಂಟೆಯಿಂದ ಸಂಜೆಯವರೆಗೆ ಬಸ್ಸುಗಳಲ್ಲಿ ಬರುವವರೇ ತುಂಬಿರುತ್ತಾರೆ. ದಟ್ಟಣೆ ತಾಳಲಾರದೆ 2020ರಿಂದ ಪ್ರವಾಸಿ ಬಸ್ಸುಗಳು ಮುಂಗಡವಾಗಿ ಸಮಯ ಕಾದಿರಿಸಿಯೇ ಬರಬೇಕೆಂಬ ನಿಯಮ ಬಂದಿದೆ. ಬೆಳಗ್ಗೆ ಏಳಕ್ಕೆ ದಡದಲ್ಲಿ ನಡೆದರೆ ಊರು ಊರಿನಂತೆ ಕಾಣುತ್ತದೆ. ಚಿತ್ರ ತೆಗೆಯುವ ಜಾಗಗಳಲ್ಲಿ ಹೆಚ್ಚಿನವು ಮನೆಯಂಗಳಕ್ಕೆ ತಾಗಿಕೊಂಡಿರುವುದರಿಂದ ದನಿ ತಗ್ಗಿಸಿ. ನಮ್ಮ ಜಗಲಿಯೆದುರು ಅಪರಿಚಿತರು ಕ್ಯಾಮೆರಾ ಹಿಡಿದು ನಿಂತರೆ ಹೇಗಾಗುತ್ತದೋ ಅಲ್ಲಿಯವರಿಗೂ ಹಾಗೆಯೇ.

ಆ ಊರಿನ ಬದುಕೆಲ್ಲ ಉಪ್ಪಿನದು. ಮೇಲಿನ ಗಣಿಯಲ್ಲಿ ಸಿಕ್ಕ ಮರದ ಮೆಟ್ಟಿಲೊಂದು ಕ್ರಿಸ್ತಪೂರ್ವ 1344ರದ್ದು. ಉಪ್ಪು ಮರವನ್ನು ಕೊಳೆಯಗೊಡದೆ ಇಷ್ಟು ಕಾಲ ಕಾದಿದೆ. ಕಬ್ಬಿಣದ ಯುಗದ ಆರಂಭಘಟ್ಟಕ್ಕೆ ಯುರೋಪಿನಲ್ಲಿ ಇದೇ ಊರಿನ ಹೆಸರು. 1997ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿತು. ಗಣಿಯೊಳಗೆ ವರ್ಷವಿಡೀ ಎಂಟು ಡಿಗ್ರಿ ಚಳಿ, ಸಾಕಷ್ಟು ನಡಿಗೆ. ಮಂಡಿನೋವಿನವರು, ಮೊದಲ ಪ್ರಶ್ನೆಯ ಅಮ್ಮನೂ ಸೇರಿ, ಇದನ್ನು ಬಿಡುವುದು ಮೇಲು. ನಾಲ್ಕು ವರ್ಷ ತುಂಬದ ಮಕ್ಕಳಿಗೆ ಒಳಗೆ ಪ್ರವೇಶವಿಲ್ಲ. ಹೊರಡುವ ಮೊದಲು ಗಣಿಯೂ ಮೇಲೇರುವ ಹಗ್ಗರೈಲೂ ಆ ದಿನ ತೆರೆದಿವೆಯೇ ಎಂದು ನೋಡಿಕೊಳ್ಳಿ. ಹೂಳಲು ಜಾಗವಿಲ್ಲದೆ ಹಿರಿಯರ ತಲೆಬುರುಡೆಗಳ ಮೇಲೆ ಹೆಸರು, ಹೂಬಳ್ಳಿ ಬರೆದು ಜೋಡಿಸಿಟ್ಟ ಚರ್ಚಿನ ಅಸ್ಥಿಗೃಹವನ್ನು ನೋಡಲು ಹೋದರೆ ಅದು ಶ್ರಾದ್ಧದ ಮನೆಯೆಂದು ತಿಳಿದು ಮೌನವಾಗಿರಿ.

ಊಟಕ್ಕೆ ಕೆಸೆಶ್ಪೆಟ್ಸ್ಲೆ ಕೇಳಿ. ಹಿಟ್ಟಿನ ಮೆತ್ತನೆಯ ಎಳೆಗಳಿಗೆ ಚೀಸ್ ಬೆರೆಸಿ ಮೇಲೆ ಹುರಿದ ಈರುಳ್ಳಿ ಹಾಕುತ್ತಾರೆ. ಹಿಟ್ಟಿನಲ್ಲಿ ಮೊಟ್ಟೆ ಇರುತ್ತದೆ, ಅದು ಆಗದವರು ಮೊದಲೇ ಹೇಳಬೇಕು. ‘ಓನೆ ಫ್ಲೈಶ್’ ಎಂದರೆ ಮಾಂಸವಿಲ್ಲದೆ ಎಂದರ್ಥ. ಭಾನುವಾರ ಆಸ್ಟ್ರಿಯಾದ ದಿನಸಿ ಅಂಗಡಿಗಳು ಸಾಮಾನ್ಯವಾಗಿ ಮುಚ್ಚಿರುತ್ತವೆ, ಶನಿವಾರವೇ ಬ್ರೆಡ್ಡು, ಹಣ್ಣು, ಮೊಸರು ಕೊಂಡಿಡಿ. ಅವಲಕ್ಕಿ, ಚಟ್ನಿಪುಡಿ ಇದ್ದರೆ ಬೆಳಗಿನ ಚಿಂತೆ ತೀರಿತು. ಮೇ ಕೊನೆ, ಜೂನ್, ಸೆಪ್ಟೆಂಬರ್ ಒಳ್ಳೆಯ ಕಾಲ. ಸಾಲ್ಜ್‌ಬರ್ಗ್ ಸೀಮೆಯಲ್ಲಿ ದಾರದಂತೆ ಎಡೆಬಿಡದೆ ಸುರಿಯುವ ಮಳೆಗೆ ಅವರು ಬೇರೆ ಹೆಸರೇ ಇಟ್ಟಿದ್ದಾರೆ. ನಮ್ಮ ಜಡಿಮಳೆಯನ್ನು ಕಂಡ ನಿಮಗೆ ಅದು ಹೊಸದಲ್ಲ, ಆದರೆ ಅಲ್ಲಿನ ಮಳೆಯ ಜೊತೆ ಚಳಿಯೂ ಬರುತ್ತದೆ, ಛತ್ರಿಯ ಜೊತೆ ಸ್ವೆಟರನ್ನೂ ಇಟ್ಟುಕೊಳ್ಳಿ.