ಏಷ್ಯಾ ಅಧ್ಯಯನದ ವಿದ್ಯಾರ್ಥಿಗೆ ಕೊಡಗಿನಲ್ಲಿ ಏನು ಸಿಗುತ್ತದೆ?

ಜಾಗತೀಕರಣದಿಂದ ಏಷ್ಯಾದ ಸಾಂಸ್ಕೃತಿಕ ಗಡಿಗಳು ಬದಲಾಗುತ್ತಿವೆ ಅಂತ ಎಂ.ಎ.ಯಲ್ಲಿ ಓದುತ್ತಿದ್ದೀರಿ. ಕೊಡಗಿನಂಥ ಪುಟ್ಟ ಜಿಲ್ಲೆಯಲ್ಲಿ ಅದು ಕಣ್ಣಿಗೆ ಕಾಣುತ್ತದಾ ಅಂತ ಕೇಳಿದ್ದೀರಿ. ಖಂಡಿತ ಕಾಣುತ್ತದೆ. ನಾನು ಇಲ್ಲಿಯ ಸಣ್ಣ ಕಾಫಿ ಬೆಳೆಗಾರ.

ಎಲ್ಲರೂ ನಿಮ್ಮನ್ನು ಬೈಲುಕುಪ್ಪೆಗೆ ಕಳಿಸುತ್ತಾರೆ. ಕುಶಾಲನಗರದಲ್ಲಿ ಕಾವೇರಿ ದಾಟಿದರೆ ಟಿಬೆಟಿಯನ್ನರ ಕ್ಯಾಂಪ್, 1960ರ ದಶಕದ ಶುರುವಿನಿಂದ ಇದೆ. ಹೋಗಿ ಬನ್ನಿ. ಆದರೆ ಆ ಬಗ್ಗೆ ಬೇಕಾದಷ್ಟು ಕೆಲಸ ಆಗಿದೆ. ನನ್ನನ್ನು ಕೇಳಿದರೆ, ತೋಟಕ್ಕೆ ಬನ್ನಿ.

ರೋಬಸ್ಟಾ ಜಾತಿಯ ಕಾಫಿ ಕೊಯ್ಲಿನ ಹೊತ್ತಿಗೆ ಸಂಜೆ ತೂಕ ಹಾಕುವಲ್ಲಿ ನಿಂತು ನೋಡಿ. ಹಣ್ಣಿನ ಚೀಲ ಹೊತ್ತು ತರುವವರ ಬಾಯಲ್ಲಿ ಅಸ್ಸಾಮಿ, ಬಂಗಾಳಿ. ಮೇಸ್ತ್ರಿ ಕನ್ನಡದಲ್ಲಿ ಲೆಕ್ಕ ಬರೆಯುತ್ತಾನೆ. ಮಾಲೀಕರು ಕೊಡವ ತಕ್ಕ್‌ನಲ್ಲಿ ಮಾತಾಡುತ್ತಾ ಮೊಬೈಲಿನಲ್ಲಿ ಲಂಡನ್ ಮಾರುಕಟ್ಟೆಯ ರೋಬಸ್ಟಾ ದರ ನೋಡುತ್ತಾರೆ. ಆ ದರ ಏರುವುದು, ಇಳಿಯುವುದು ಜಾಸ್ತಿ ವಿಯೆಟ್ನಾಂ ಬೆಳೆಯ ಮೇಲೆ. ಜಗತ್ತಿನಲ್ಲೇ ಅತಿ ಹೆಚ್ಚು ರೋಬಸ್ಟಾ ಬೆಳೆಯುವವರು ಅವರು. 2000ದ ಆಸುಪಾಸಿನಲ್ಲಿ ಅಲ್ಲಿ ಬೆಳೆ ವಿಪರೀತವಾಗಿ ದರ ಬಿತ್ತು, ಇಲ್ಲಿ ಬೆಳೆಗಾರರು ಸಾಲದಲ್ಲಿ ಮುಳುಗಿದರು. 2024ರಲ್ಲಿ ಅಲ್ಲಿ ಬರ, ಇಲ್ಲಿ ಹಿಂದೆಂದೂ ಕಾಣದ ದರ.

ಇಷ್ಟು ನಂಟಿದ್ದರೂ ಓದುವಾಗ ನಾವು ದಕ್ಷಿಣ ಏಷ್ಯಾ, ಅವರು ಆಗ್ನೇಯ ಏಷ್ಯಾ. ಈ ವಿಂಗಡಣೆ ಗಟ್ಟಿಯಾದದ್ದು ಎರಡನೇ ಮಹಾಯುದ್ಧದ ನಂತರ. ಡಚ್ ಇತಿಹಾಸಕಾರ ವಿಲೆಮ್ ವಾನ್ ಸ್ಕೆಂಡೆಲ್ 2002ರಲ್ಲಿ ಇದನ್ನೇ ಪ್ರಶ್ನಿಸಿ, ಹಲವು ದೇಶಗಳಿಗೆ ಹರಡಿದ ಬೆಟ್ಟಸೀಮೆಯೊಂದಕ್ಕೆ 'ಜೋಮಿಯಾ' ಅಂತ ಹೆಸರಿಟ್ಟರು. ಕೊಡಗು ಅದರಲ್ಲಿ ಬರುವುದಿಲ್ಲ. ಆದರೂ ಅದೇ ಪ್ರಶ್ನೆಯನ್ನು ಇಲ್ಲೂ ಕೇಳಬಹುದು, ಅಲ್ವಾ?

ವಿಯೆಟ್ನಾಮಿನ ಕಾಫಿ ಸೀಮೆ ಡಾಕ್ ಲಾಕ್. ಅಲ್ಲಿನ ಮೂಲ ಜನರಲ್ಲಿ ಎಡೆ ಬುಡಕಟ್ಟಿನವರು ಮುಖ್ಯರು. 1975ರ ನಂತರ ಬಯಲುಸೀಮೆಯವರು ಗುಂಪುಗುಂಪಾಗಿ ಬಂದು ಕಾಫಿ ಹಾಕಿದರು. ಎಡೆಗಳ ಎಷ್ಟೋ ನೆಲ ಕೈತಪ್ಪಿತು. ಕೊಡಗಿನ ಬುಡಕಟ್ಟಿನವರಾದ ನಮ್ಮ ಎರವರು ತಲೆತಲಾಂತರದಿಂದ ಇಲ್ಲೇ ಇದ್ದಾರೆ. ಎಷ್ಟೋ ಕುಟುಂಬಗಳಿಗೆ ಇವತ್ತಿಗೂ ತೋಟದ ಕೆಲಸಗಾರರ ಸಾಲುಮನೆ, ಅಂದರೆ ಲೈನ್ ಮನೆಯೇ ಗತಿ, ಸ್ವಂತ ಜಾಗದ ಹಕ್ಕುಪತ್ರ ಇಲ್ಲ. ಇದನ್ನು ದಿನಾ ನೋಡುವ ನನಗೆ ಸಂಕಟವಾಗುತ್ತದೆ. ದರ ಸಮುದ್ರ ದಾಟಿ ಬರುತ್ತದೆ, ಅಸ್ಸಾಮಿನ ಹುಡುಗರು ರೈಲು ಹತ್ತಿ ಬರುತ್ತಾರೆ. ಲೈನಿಗೂ ಮಾಲೀಕರ ಅಂಗಳಕ್ಕೂ ನಡುವಿನ ಗಡಿ ಮಾತ್ರ ಅಲುಗಿಲ್ಲ. ಗಡಿಗಳು ಕರಗುತ್ತಿವೆ ಅಂತ ಬರೆಯುವ ಮೊದಲು ಇದನ್ನು ನೋಡಲೇಬೇಕು.

ಎಡೆ, ಎರವ ಇಬ್ಬರನ್ನೂ ಜೊತೆಗಿಟ್ಟು ಓದುವ ವಿಷಯ ಆರಿಸಿಕೊಳ್ಳಿ. ಸಿದ್ದಾಪುರ, ಪೊನ್ನಂಪೇಟೆ ಕಡೆ ಬನ್ನಿ. ನಮ್ಮಂಥ ಬೆಳೆಗಾರರ ಮಾತಿಗೇ ನಿಲ್ಲಬೇಡಿ. ಕೆಲಸ ಮುಗಿದ ಮೇಲೆ ಲೈನಿನವರನ್ನೇ ಕೇಳಿ. ಎರವ ಭಾಷೆ ಬಲ್ಲವರೊಬ್ಬರು ಜೊತೆಗಿರಲಿ.