ಸೈಕಲ್ಲಿನ ಹಿಂದಿನ ಹಬ್‌ಗೆ ಬಾಳಿಕೆ ಬರುವ ಬೇರಿಂಗ್ ಯಾವುದು?

ಗದಗದ ಸುತ್ತಲಿನ ರಸ್ತೆಗಳಲ್ಲಿ ದಿನಕ್ಕೆ 25 ಕಿಲೋಮೀಟರ್ ತುಳಿಯುತ್ತೀರಿ, ಒಂದೇ ವರ್ಷದಲ್ಲಿ ಹಿಂದಿನ ಗಾಲಿಯ ಹಬ್‌ನಲ್ಲಿರುವ (ಗಾಲಿಯ ನಡುವಿನ ಗಡ್ಡೆ) 6001 ನಂಬರಿನ ಬೇರಿಂಗ್‌ಗಳನ್ನು ಎರಡು ಸಲ ಬದಲಿಸಿದ್ದೀರಿ, ಇನ್ನು ಸೆರಾಮಿಕ್ ಹಾಕಿಸಿದರೆ ಬಾಳಿಕೆ ಬಂದೀತೇ ಎಂದು ಕೇಳಿದ್ದೀರಿ. ಬರುವುದಿಲ್ಲ ಎಂದೇ ನನ್ನ ಉತ್ತರ. ಧಾರವಾಡದಿಂದ ಹುಬ್ಬಳ್ಳಿಗೆ ಹಲವು ವರ್ಷ ಸೈಕಲ್ಲಿನಲ್ಲೇ ಹೋಗಿಬಂದು, ಹಬ್‌ಗಳನ್ನು ನಾನೇ ಬಿಚ್ಚಿ ಕೂಡಿಸಿದ ಅನುಭವದಿಂದ ಇದನ್ನು ಬರೆಯುತ್ತಿದ್ದೇನೆ.

ಮೊದಲು ಭಾರದ ಲೆಕ್ಕವನ್ನು ನೋಡೋಣ. ನೀವು, ಸೈಕಲ್ಲು, ಸಾಮಾನು ಎಲ್ಲ ಸೇರಿ 100 ಕಿಲೋ ಎಂದಿಟ್ಟುಕೊಂಡರೆ ಹಿಂದಿನ ಗಾಲಿಗೆ ಸುಮಾರು 60 ಕಿಲೋ, ಅದರ ಎರಡು ಬೇರಿಂಗ್‌ಗಳಿಗೆ ತಲಾ 30 ಕಿಲೋ ಬೀಳುತ್ತದೆ. ಒಳ್ಳೆಯ 6001 ಬೇರಿಂಗಿನ ಚಲನ ಸಾಮರ್ಥ್ಯ (ತಿರುಗುತ್ತ ಹೊರಬಲ್ಲ ಭಾರದ ಅಳತೆ) ಸುಮಾರು 5 ಕಿಲೋನ್ಯೂಟನ್, ಅಂದರೆ ಸರಿಸುಮಾರು 500 ಕಿಲೋ ತೂಕದಷ್ಟು. ಸಾಮರ್ಥ್ಯವನ್ನು ಭಾರದಿಂದ ಭಾಗಿಸಿ, ಬಂದದ್ದರ ಘನ ತೆಗೆದರೆ ಎಷ್ಟು ಹತ್ತು ಲಕ್ಷ ಸುತ್ತು ಬಾಳುತ್ತದೆ ಎಂಬುದು ಸಿಗುತ್ತದೆ. ರಸ್ತೆಯ ಗುಂಡಿಗಳ ಪೆಟ್ಟನ್ನೂ ಚೈನಿನ ಎಳೆತವನ್ನೂ ಸೇರಿಸಿ ಭಾರವನ್ನು ಮೂರು ಪಟ್ಟು ಹಿಡಿದರೂ ಆಯುಷ್ಯ ಮೂರು ಲಕ್ಷ ಕಿಲೋಮೀಟರ್ ದಾಟುತ್ತದೆ. ನಿಮ್ಮವು ನಾಲ್ಕು ಸಾವಿರ ಕಿಲೋಮೀಟರಿಗೇ ಹೋಗಿವೆ ಎಂದಮೇಲೆ ಅವುಗಳನ್ನು ಕೆಡಿಸಿದ್ದು ಭಾರವಲ್ಲ. ಒಳಗೆ ನೀರು ಮತ್ತು ಮಣ್ಣು ಹೋಗಿದೆ, ಇಲ್ಲವೇ ಬೇರಿಂಗ್ ಕೂಡಿಸಿದ ರೀತಿ ತಪ್ಪಾಗಿದೆ.

ನಮ್ಮ ಎರೆಮಣ್ಣು ಈ ವಿಷಯದಲ್ಲಿ ಬಹಳ ಕೆಟ್ಟದ್ದು. ಮಳೆಗಾಲದಲ್ಲಿ ಹಬ್‌ನ ಅಂಚಿಗೆ ಮೆತ್ತಿಕೊಂಡು ತೇವವನ್ನು ದಿನಗಟ್ಟಲೆ ಹಿಡಿದಿಡುತ್ತದೆ. ಒಣಗಿದ ಮೇಲೆ ನುಣ್ಣನೆಯ ಧೂಳಾಗಿ ಸಂದುಗಳಿಗೆ ಇಳಿಯುತ್ತದೆ. ಅದನ್ನು ತೊಳೆಸಲು ಒಮ್ಮೆ ನಾನು ಮೋಟಾರ್ ಸೈಕಲ್ ತೊಳೆಯುವಲ್ಲಿ ಪ್ರೆಶರ್ ನೀರು ಹೊಡೆಸಿದೆ. ಮೂರು ವಾರದೊಳಗೆ ಹಿಂದಿನ ಗಾಲಿ ಗರಗರ ಎನ್ನತೊಡಗಿತು. ಬೇರಿಂಗಿನ ಬದಿಯ ಮುಚ್ಚಳವಾದ ಸೀಲ್ ಎತ್ತಿ ನೋಡಿದರೆ ಗ್ರೀಸು ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿತ್ತು. ಅಂದಿನಿಂದ ಬಕೆಟ್ಟು ಮತ್ತು ಬಟ್ಟೆಯಿಂದಲೇ ತೊಳೆಯುತ್ತೇನೆ.

ಆದ್ದರಿಂದ ನೀವು ಕೊಳ್ಳುವಾಗ ಮೊದಲು ನೋಡಬೇಕಾದದ್ದು ಸೀಲ್. ಅಂಗಡಿಯಲ್ಲಿ ಬರೀ 6001 ಎಂದು ನಂಬರ್ ಹೇಳಿದರೆ ಮೋಟಾರುಗಳಿಗೆ ಹೋಗುವ ಝಡ್‌ಝಡ್ ಅಥವಾ 2ಝಡ್ ಮಾದರಿಯನ್ನು ಕೊಟ್ಟುಬಿಡುವುದುಂಟು. ಅದರ ತಗಡಿನ ಮುಚ್ಚಳ ಒಳ ರಿಂಗಿಗೆ ತಾಗುವುದಿಲ್ಲ, ನಡುವೆ ಕೂದಲೆಳೆಯಷ್ಟು ಸಂದು ಉಳಿಯುತ್ತದೆ. ಮೋಟಾರಿಗೆ ಅದು ಸಾಕು, ಮಳೆಯಲ್ಲಿ ಓಡುವ ಗಾಲಿಗೆ ಸಾಲದು. ನಿಮಗೆ ಬೇಕಾದದ್ದು ಎರಡೂ ಬದಿಗೆ ರಬ್ಬರ್ ತುಟಿ ತಾಗುವ ಸೀಲ್. ಎಸ್‌ಕೆಎಫ್‌ನಲ್ಲಿ 2ಆರ್‌ಎಸ್‌ಎಚ್, ಎನ್‌ಎಸ್‌ಕೆಯಲ್ಲಿ ಡಿಡಿಯು, ಎನ್‌ಟಿಎನ್‌ನಲ್ಲಿ ಎಲ್‌ಎಲ್‌ಯು ಎಂಬ ಅಕ್ಷರಗಳು ಅದನ್ನೇ ಸೂಚಿಸುತ್ತವೆ. ಎನ್‌ಎಸ್‌ಕೆಯ ವಿವಿ, ಎನ್‌ಟಿಎನ್‌ನ ಎಲ್‌ಎಲ್‌ಬಿ ಸೀಲ್‌ಗಳೂ ರಬ್ಬರಿನವೇ ಆದರೂ ತಾಗುವುದಿಲ್ಲ. ಅವು ಹಗುರವಾಗಿ ತಿರುಗುತ್ತವೆ, ನೀರನ್ನು ಅಷ್ಟು ತಡೆಯುವುದಿಲ್ಲ. ಕೈಯಲ್ಲಿ ಹಿಡಿದು ತಿರುಗಿಸಿದಾಗ ತುಸು ಬಿಗಿ ಎನಿಸುವ ಬೇರಿಂಗನ್ನೇ ಆರಿಸಿ. ತುಳಿಯುವಾಗ ಆ ಬಿಗಿ ನಿಮಗೆ ತಿಳಿಯುವುದೂ ಇಲ್ಲ. ನಕಲಿ ಮಾಲು ಬಹಳ ಇರುವುದರಿಂದ ಕಂಪನಿಯ ಅಧಿಕೃತ ಮಾರಾಟಗಾರರಲ್ಲೇ ಬಿಲ್ ಪಡೆದು ಕೊಳ್ಳಿ.

ನಂಬರಿನಲ್ಲೂ ಎಚ್ಚರ ಬೇಕು. 6001 ಎಂದರೆ ಒಳವ್ಯಾಸ 12, ಹೊರವ್ಯಾಸ 28, ದಪ್ಪ 8 ಮಿಲಿಮೀಟರ್. 6902ರ ಹೊರವ್ಯಾಸವೂ 28, ಆದರೆ ಒಳವ್ಯಾಸ 15, ದಪ್ಪ 7. 6201ರ ಒಳವ್ಯಾಸ 12 ಇದ್ದರೂ ಹೊರವ್ಯಾಸ 32. ಹಳೆಯ ಬೇರಿಂಗನ್ನು ಒಯ್ದು ಅಳೆಸಿ ತರುವುದೇ ಸುರಕ್ಷಿತ.

ಸೆರಾಮಿಕ್ ಎಂದು ಮಾರುವ ಬಹುಪಾಲು ಬೇರಿಂಗ್‌ಗಳಲ್ಲಿ ಗುಂಡುಗಳು ಮಾತ್ರ ಸೆರಾಮಿಕ್, ರಿಂಗುಗಳು ಉಕ್ಕಿನವೇ. ನೀರು, ಮಣ್ಣು ಒಳಹೊಕ್ಕರೆ ಆ ಉಕ್ಕಿನ ಹಾದಿ ಇಲ್ಲೂ ಕೆಡುತ್ತದೆ. ಬೇರಿಂಗ್‌ಗಳಿಗೆ ಕೊಡುವ ಎಬಿಇಸಿ ಎಂಬ ದರ್ಜೆಯ ಅಂಕಿ ಅಳತೆಯ ನಿಖರತೆಯನ್ನಷ್ಟೇ ಹೇಳುತ್ತದೆ, ಬಾಳಿಕೆಯನ್ನಲ್ಲ. ಸ್ಟೇನ್‌ಲೆಸ್ ಬೇರಿಂಗ್ ತುಕ್ಕನ್ನು ತಡೆಯುತ್ತದೆ, ಆದರೆ ಸಾಮಾನ್ಯ ಕ್ರೋಮ್ ಉಕ್ಕಿಗಿಂತ ಮೆದು. ನಮ್ಮ ಧೂಳಿನ ಸೀಮೆಗೆ ನಾನು ಅದನ್ನು ಹೇಳುವುದಿಲ್ಲ.

ಇನ್ನು ಕೂಡಿಸುವ ವಿಷಯ. ಇಲ್ಲಿ ಒಳ್ಳೊಳ್ಳೆಯ ಬೇರಿಂಗ್‌ಗಳು ಮೊದಲ ದಿನವೇ ಹಾಳಾಗುವುದನ್ನು ನೋಡಿ ನನಗೆ ಸಂಕಟವಾಗಿದೆ. ಹಬ್‌ಗೆ ಬೇರಿಂಗನ್ನು ಇಳಿಸುವಾಗ ಒತ್ತಡ ಹೊರ ರಿಂಗಿನ ಮೇಲೆಯೇ ಬೀಳಬೇಕು. ಒಳ ರಿಂಗಿಗೆ ಸುತ್ತಿಗೆಯ ಪೆಟ್ಟು ಬಿದ್ದರೆ ಅದು ಗುಂಡುಗಳ ಮೂಲಕ ಹಾದು, ಅವು ಉರುಳುವ ಹಾದಿಯಲ್ಲಿ ಸಣ್ಣ ಕುಳಿಗಳನ್ನು ಮೂಡಿಸುತ್ತದೆ. ಹೀಗೆ ಒಳಗಿನಿಂದ ಹೊಡೆದು ತೆಗೆದ ಬೇರಿಂಗನ್ನು ಮತ್ತೆ ಹಾಕಲೂಬಾರದು. ಉದ್ದನೆಯ ಬೋಲ್ಟು, ನಟ್ಟು, ಎರಡು ದಪ್ಪ ವಾಷರು, ಜೊತೆಗೆ ಹಳೆಯ ಬೇರಿಂಗನ್ನೇ ಒತ್ತುಬಿಲ್ಲೆಯಾಗಿ ಬಳಸಿದರೆ ಪಾನಾದಿಂದ ತಿರುಗಿಸುತ್ತ ನೇರವಾಗಿ ಇಳಿಸಬಹುದು. ಮೊದಲನೆಯದನ್ನು ತಳ ಮುಟ್ಟುವವರೆಗೆ ಒತ್ತಿ. ಎರಡನೆಯದನ್ನು ಮಾತ್ರ ಆಕ್ಸಲಿನ ಮೆಟ್ಟಿಲಿಗೋ ನಡುವಿನ ಕೊಳವೆಗೋ ತಾಗಿದ ಕೂಡಲೇ ನಿಲ್ಲಿಸಬೇಕು. ಅದನ್ನೂ ಬಿಗಿಯಾಗಿ ಒತ್ತಿದರೆ ಎರಡರ ಮೇಲೂ ಅಡ್ಡ ಒತ್ತಡ ಕುಳಿತು, ಗಾಲಿ ತಿರುಗಿದಷ್ಟೂ ಹೊತ್ತು ಸವೆಯುತ್ತವೆ. ಇದಕ್ಕೆ ತದ್ವಿರುದ್ಧವಾಗಿ ಬೇರಿಂಗ್ ಬೆರಳಿನಿಂದಲೇ ಒಳಗೆ ಜಾರಿದರೆ ಹಬ್‌ನ ಅಲ್ಯುಮಿನಿಯಂ ಕೂರುಜಾಗ ಹಿಗ್ಗಿದೆ ಎಂದರ್ಥ. ತುಸು ಸಡಿಲವಿದ್ದರೆ ಲಾಕ್‌ಟೈಟ್ 641ರಂಥ ಹಿಡಿಸುವ ದ್ರವ ಸಾಕು, ಹೆಚ್ಚಿದ್ದರೆ ಹಬ್ ಬದಲಿಸಬೇಕು.

ಕಾರ್ಖಾನೆಯಿಂದ ಬರುವಾಗ ಒಳಗಿನ ಜಾಗದ ಸುಮಾರು ಮೂರನೆಯ ಒಂದು ಭಾಗದಷ್ಟೇ ಗ್ರೀಸು ಇರುತ್ತದೆ, ಏಕೆಂದರೆ ಅವನ್ನು ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವಂತೆ ಮಾಡಿರುತ್ತಾರೆ. ಗಂಟೆಗೆ 20 ಕಿಲೋಮೀಟರಿನಲ್ಲಿ ನಿಮ್ಮ ಗಾಲಿ ನಿಮಿಷಕ್ಕೆ 160 ಸುತ್ತು ತಿರುಗುತ್ತದೆ, ಅಷ್ಟೆ. ಹಾಗಾಗಿ ಮಿರಗದ ಮಳೆ ಹಿಡಿಯುವ ಮೊದಲು ಸೀಲನ್ನು ಬಾಗದಂತೆ ಎತ್ತಿ, ಹಳೆಯ ಗ್ರೀಸನ್ನು ತೊಳೆದೊರೆಸಿ, ನೀರಿಗೆ ಕರಗದ ಗ್ರೀಸನ್ನು ಧಾರಾಳವಾಗಿ ತುಂಬಬಹುದು.

ಈಗ ತೆಗೆದಿರುವ ಬೇರಿಂಗ್‌ಗಳನ್ನು ಎಸೆಯುವ ಮೊದಲು ಒಮ್ಮೆ ಬಿಚ್ಚಿ ನೋಡಿ. ಗ್ರೀಸು ಕಂದು ಬಣ್ಣಕ್ಕೆ ತಿರುಗಿದ್ದರೆ ನೀರು ಹೋಗಿದೆ, ಮುಂದಿನ ಸಲ ತಾಗುವ ಸೀಲಿನ ಬೇರಿಂಗ್ ಹಾಕಿದರೆ ಸಾಕು. ಗ್ರೀಸು ಚೊಕ್ಕಟವಿದ್ದೂ ತಿರುಗಿಸಿದಾಗ ಕಟಕಟ ಎಂದರೆ ಕೂಡಿಸಿದವರ ಕೈ ತಪ್ಪಿದೆ. ಹೊರ ರಿಂಗಿನ ಮೈ ಉಜ್ಜಿ ಹೊಳೆಯುತ್ತಿದ್ದರೆ ಅದು ಹಬ್‌ನೊಳಗೆ ತಿರುಗಿದೆ. ಮೂರರಲ್ಲಿ ಯಾವುದು ಕಂಡಿತೆಂದು ಇಲ್ಲಿಯೇ ತಿಳಿಸಿದರೆ ಮುಂದಿನದನ್ನು ಹೇಳುತ್ತೇನೆ.